ಬೂಟ್‌ಸ್ಟ್ರಾಪ್ ಉತ್ತರ ಸರಿಯಿಲ್ಲ ಅನ್ನಿಸಿದಾಗ: ವೈದ್ಯಕೀಯ ಸಂಶೋಧಕರಿಗೆ ದೋಷ ನಿವಾರಣೆ ಕೈಪಿಡಿ

ಪಿ.ಜಿ. ಪ್ರಬಂಧಕ್ಕೋ ಜರ್ನಲ್ ಲೇಖನಕ್ಕೋ ಬೂಟ್‌ಸ್ಟ್ರಾಪ್ (ಇರುವ ಮಾದರಿಯಿಂದಲೇ, ಎತ್ತಿದ್ದನ್ನು ವಾಪಸ್ ಹಾಕುತ್ತ, ಮತ್ತೆ ಮತ್ತೆ ಮರುಮಾದರಿ ಎತ್ತುವುದು) ಇಲ್ಲವೇ ಪರ್ಮ್ಯುಟೇಶನ್ ಪರೀಕ್ಷೆ (ಯಾರು ಯಾವ ಗುಂಪು ಎಂಬ ಚೀಟಿಗಳನ್ನು ಕಲಸಿ ಮತ್ತೆ ಮತ್ತೆ ಲೆಕ್ಕ ಹಾಕುವುದು) ಓಡಿಸಿ ಆಗಿದೆ. ಅಂಕಿಯೂ ಬಂದಿದೆ. ಆದರೆ ನಂಬಿಕೆ ಬರುತ್ತಿಲ್ಲ, ಅಥವಾ ರಿವ್ಯೂ ಮಾಡಿದವರು ಒಪ್ಪುತ್ತಿಲ್ಲ. ಈ ಕೈಪಿಡಿ ಅಲ್ಲಿಂದ ಶುರು. ಕೆಂಪಕ್ಷರದ ಎರರ್ ಮೆಸೇಜ್ ಬಂದರೆ ಅದು ಪುಣ್ಯ. ಈ ವಿಧಾನಗಳಲ್ಲಿ ಹೆಚ್ಚಿನ ತಪ್ಪುಗಳು ಸದ್ದಿಲ್ಲದೆ, ಮೂರು ದಶಮಾಂಶದ ಅಚ್ಚುಕಟ್ಟಾದ ಉತ್ತರದೊಳಗೇ ಕೂತಿರುತ್ತವೆ.

ಈ ತಪ್ಪುಗಳಲ್ಲಿ ಮುಕ್ಕಾಲು ಪಾಲಿನ ಬೇರು ಒಂದೇ: ನೀವು ಆಸ್ಪತ್ರೆಯಲ್ಲೋ ಊರಲ್ಲೋ ಡೇಟಾ ಸಂಗ್ರಹಿಸಿದ ಕ್ರಮ ಒಂದು, ಕಂಪ್ಯೂಟರ್ ಅದನ್ನು ಮತ್ತೆ ಎತ್ತಿಕೊಂಡ ಕ್ರಮ ಇನ್ನೊಂದು. ಆದ್ದರಿಂದ ಕೊನೆಯ ಪಿ ಮೌಲ್ಯವನ್ನು (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ಬರುವ ಸಾಧ್ಯತೆ) ದಿಟ್ಟಿಸುತ್ತ ಕೂರುವುದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಮರುಪ್ರತಿಗಳನ್ನು ನೋಡಿ

ಒಂದು ಸಲ ಮರುಮಾದರಿ ಎತ್ತಿ ಲೆಕ್ಕ ಹಾಕಿದಾಗ ಸಿಗುವ ಒಂದು ಅಂಕಿಯನ್ನು ಇಲ್ಲಿ ಮರುಪ್ರತಿ ಎನ್ನೋಣ. 2,000 ಸಲ ಎತ್ತಿದರೆ 2,000 ಮರುಪ್ರತಿ. ಇವನ್ನು ಉಳಿಸಿಕೊಂಡು ಹಿಸ್ಟೋಗ್ರಾಂ ಎಳೆಯಿರಿ. ಮರುಪ್ರತಿಗಳ ಸರಾಸರಿಯಿಂದ ಮೂಲ ಡೇಟಾದ ಅಂದಾಜನ್ನು ಕಳೆಯಿರಿ, ಉಳಿದದ್ದೇ ಬಯಾಸ್. ಅದು ಸ್ಟ್ಯಾಂಡರ್ಡ್ ಎರರಿನ (ಮರುಪ್ರತಿಗಳ ಹರಡುವಿಕೆ, ಅಂದರೆ ಅವುಗಳ ಮಾನಕ ವಿಚಲನೆ) ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನೊಂದು ಪರೀಕ್ಷೆ ಇವೆರಡಕ್ಕಿಂತ ಬಲವಾದದ್ದು. ನಿಮಗೆ ಬೇಕಿರುವುದು ಮಧ್ಯಾಂಕವಾಗಲಿ, ಆರ್‌ಒಸಿ ಕರ್ವಿನ ಎಯುಸಿ (ರೋಗ ಇರುವವರನ್ನು ಇಲ್ಲದವರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ; 0.5 ಅಂದರೆ ಬರೀ ಊಹೆ, 1 ಅಂದರೆ ಪರಿಪೂರ್ಣ) ಆಗಲಿ, ಅದೇ ಕೋಡಿನಲ್ಲಿ ತಾತ್ಕಾಲಿಕವಾಗಿ ಬರೀ ಸರಾಸರಿಯನ್ನು ಹಾಕಿ ಓಡಿಸಿ. ಸರಾಸರಿಗೆ ಸೂತ್ರ ಇದೆ: ಮಾನಕ ವಿಚಲನೆಯನ್ನು √ಎನ್‌ನಿಂದ (ಎನ್ ಅಂದರೆ ಮಾದರಿಯಲ್ಲಿರುವವರ ಸಂಖ್ಯೆ) ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್. 40 ರೋಗಿಗಳು, ಸಿಸ್ಟೋಲಿಕ್ ಬಿ.ಪಿ.ಯ ಮಾನಕ ವಿಚಲನೆ 12 ಎಂದಿಟ್ಟುಕೊಳ್ಳಿ. ಸೂತ್ರದ ಉತ್ತರ 1.90. ಬೂಟ್‌ಸ್ಟ್ರಾಪ್ ಸುಮಾರು 1.87 ಕೊಡಬೇಕು. ಆ ಸಣ್ಣ ಕೊರತೆ ತಪ್ಪಲ್ಲ; ಬೂಟ್‌ಸ್ಟ್ರಾಪ್ ಒಳಗೊಳಗೇ 39ರ ಬದಲು 40ರಿಂದ ಭಾಗಿಸುತ್ತದೆ. ಆದರೆ 0.4 ಬಂದರೆ, 0 ಬಂದರೆ, 5 ಬಂದರೆ, ಎತ್ತುವ ಹಂತದಲ್ಲೇ ದೋಷ ಇದೆ. ಸರಾಸರಿಗೆ ಸರಿ ಬಂದು ನಿಮ್ಮ ಅಂಕಿಗೆ ಮಾತ್ರ ಎಡವಟ್ಟಾದರೆ ಲೆಕ್ಕದ ಫಂಕ್ಷನ್ ನೋಡಿ.

ಸ್ಟ್ಯಾಂಡರ್ಡ್ ಎರರ್ ಸೊನ್ನೆ, ಎಲ್ಲ ಮರುಪ್ರತಿಗಳೂ ಒಂದೇ

ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರಿನ ಬೂಟ್ ಪ್ಯಾಕೇಜಿನಲ್ಲಿ ಇದು ತೀರ ಸಾಮಾನ್ಯ. ನೀವು ಬರೆಯುವ ಫಂಕ್ಷನ್ನಿಗೆ ಡೇಟಾ ಮೊದಲ ಆರ್ಗ್ಯುಮೆಂಟ್, ಆಯ್ಕೆಯಾದ ಸಾಲುಗಳ ಸಂಖ್ಯೆಗಳು ಎರಡನೆಯದು. ಎರಡನೆಯದನ್ನು ಸ್ವೀಕರಿಸಿ, ಒಳಗೆ ಬಳಸುವುದನ್ನೇ ಮರೆತರೆ ಪ್ರತಿಸಲವೂ ಮೂಲ ಡೇಟಾದ ಮೇಲೇ ಲೆಕ್ಕ ನಡೆಯುತ್ತದೆ. ಆಮೇಲೆ ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್, ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಕೇಳಿದರೆ ಟಿ ಬೆಲೆಗಳೆಲ್ಲ ಸಮ ಇವೆ, ಲೆಕ್ಕ ಹಾಕಲಾರೆ ಎಂದು ಪ್ಯಾಕೇಜ್ ಕೈಚೆಲ್ಲುತ್ತದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಆ ಸೂಚ್ಯಂಕಗಳಿಂದ ಡೇಟಾವನ್ನು ಆಯ್ದುಕೊಂಡು, ಮುಂದಿನ ಎಲ್ಲ ಲೆಕ್ಕವನ್ನೂ ಅದರ ಮೇಲೆ ಮಾಡಿ.

ಸ್ವಂತ ಲೂಪ್ ಬರೆದಿದ್ದರೆ ಕಾರಣ ಬೇರೆ ಇರುತ್ತದೆ. ಆರ್‌ನ ಸ್ಯಾಂಪಲ್ ಫಂಕ್ಷನ್ ತಾನಾಗಿ ಎತ್ತಿದ್ದನ್ನು ವಾಪಸ್ ಹಾಕುವುದಿಲ್ಲ. 40ರಲ್ಲಿ 40ನ್ನು ವಾಪಸ್ ಹಾಕದೆ ಎತ್ತಿದರೆ ಸಿಗುವುದು ಅದೇ 40 ಜನ, ಸಾಲು ಮಾತ್ರ ಅದಲುಬದಲು. ರಿಪ್ಲೇಸ್ ಆಯ್ಕೆಯನ್ನು ಟ್ರೂ ಮಾಡಿ. ಒಂದು ಮರುಮಾದರಿಯಲ್ಲಿ ಬೇರೆಬೇರೆ ರೋಗಿಗಳು ಎಷ್ಟು ಎಂದು ಎಣಿಸಿ. ಎನ್ ದೊಡ್ಡದಿದ್ದಾಗ ಸುಮಾರು ಶೇ. 63.2 ಇರಬೇಕು, 10 ಜನರ ಮಾದರಿಯಲ್ಲಿ ಸರಾಸರಿ ಶೇ. 65. ಶೇ. 100 ಇದ್ದರೆ ಕಾರಣ ಸಿಕ್ಕಿತು.

ವಿಶ್ವಾಸಾಂತರ ನಂಬಲಾಗದಷ್ಟು ಕಿರಿದು

ಇದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ, ಏಕೆಂದರೆ ಕಿರಿದಾದ ಅಂತರ ಎಲ್ಲರಿಗೂ ಇಷ್ಟ, ಯಾರೂ ಪ್ರಶ್ನಿಸುವುದಿಲ್ಲ.

ಅತಿ ಒರಟು ಕಾರಣ: 40 ಸಾಲಿನ ಶೀಟನ್ನು ಬೂಟ್‌ಸ್ಟ್ರಾಪ್‌ನಿಂದ 1,000 ಸಾಲಿಗೆ ಹಿಗ್ಗಿಸಿ, ಅದರ ಮೇಲೆ ಟಿ ಪರೀಕ್ಷೆ ಮಾಡುವುದು. ಮೇಲಿನ ಬಿ.ಪಿ. ಉದಾಹರಣೆಯಲ್ಲಿ ಸ್ಟ್ಯಾಂಡರ್ಡ್ ಎರರ್ 1.90ರಿಂದ 0.38ಕ್ಕೆ ಕುಸಿಯುತ್ತದೆ. ಒಂದೂ ಹೊಸ ರೋಗಿ ಸೇರದೆ ಖಚಿತತೆ ಐದು ಪಟ್ಟು ಏರಿದೆ ಎಂದರೆ ಅದು ಸುಳ್ಳು ಲೆಕ್ಕವೇ. ಪ್ರತಿ ಮರುಮಾದರಿಯ ಗಾತ್ರ ಮೂಲದ ಗಾತ್ರವೇ ಆಗಿರಬೇಕು. 1,000 ಎನ್ನುವುದು ಎಷ್ಟು ಸಲ ಎತ್ತಬೇಕು ಎಂಬ ಸಂಖ್ಯೆ, ಎಷ್ಟು ಸಾಲು ಎತ್ತಬೇಕು ಎಂಬುದಲ್ಲ.

ಸೂಕ್ಷ್ಮ ಕಾರಣ ಗುಂಪುಗಳದ್ದು. 20 ಅಂಗನವಾಡಿಗಳಿಂದ ತಲಾ 20 ಮಕ್ಕಳ ಹಿಮೋಗ್ಲೋಬಿನ್ ಅಳೆದಿದ್ದೀರಿ, ಒಟ್ಟು 400. ಒಂದೇ ಅಂಗನವಾಡಿಯ ಮಕ್ಕಳು ಊಟ, ನೀರು, ಜಂತುಹುಳುವಿನ ಮಾತ್ರೆ ಎಲ್ಲದರಲ್ಲೂ ಒಂದಷ್ಟು ಹೋಲುತ್ತಾರೆ. ಒಳಗುಂಪಿನ ಸಹಸಂಬಂಧ, ಅಂದರೆ ಐಸಿಸಿ, 0.05 ಮಾತ್ರ ಎಂದುಕೊಂಡರೂ ಡಿಸೈನ್ ಎಫೆಕ್ಟ್ 1 + (20 − 1) × 0.05 = 1.95. ನಿಮ್ಮ 400 ಮಕ್ಕಳು ಸುಮಾರು 205 ಸ್ವತಂತ್ರ ಮಕ್ಕಳಷ್ಟೇ ಮಾಹಿತಿ ಕೊಡುತ್ತಾರೆ. ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತುವ ಬೂಟ್‌ಸ್ಟ್ರಾಪ್‌ಗೆ ಇದು ಗೊತ್ತಿಲ್ಲ. ಅದರ ಸ್ಟ್ಯಾಂಡರ್ಡ್ ಎರರ್ ಇರಬೇಕಾದುದಕ್ಕಿಂತ ಶೇ. 28ರಷ್ಟು ಕಡಿಮೆ ಬರುತ್ತದೆ. ಮರುಪ್ರತಿಗಳ ಸಂಖ್ಯೆಯನ್ನು ಒಂದು ಲಕ್ಷಕ್ಕೆ ಏರಿಸಿದರೂ ಇದು ಸರಿಹೋಗದು.

ಪರಿಹಾರ: ಅಂಗನವಾಡಿಗಳನ್ನೇ ಎತ್ತಿ. 20ರಲ್ಲಿ 20ನ್ನು ವಾಪಸ್ ಹಾಕುತ್ತ ಆರಿಸಿ, ಆಯ್ಕೆಯಾದ ಅಂಗನವಾಡಿಯ ಮಕ್ಕಳನ್ನೆಲ್ಲ ಒಟ್ಟಿಗೆ ತನ್ನಿ. ಒಂದೇ ಅಂಗನವಾಡಿ ಎರಡು ಸಲ ಬಂದರೆ ಎರಡನೆಯ ಪ್ರತಿಗೆ ಹೊಸ ಐಡಿ ಕೊಡಿ. ಕೊಡದಿದ್ದರೆ ಮುಂದಿನ ಮಿಕ್ಸೆಡ್ ಮಾಡೆಲ್ (ಗುಂಪುಗಳನ್ನು ಲೆಕ್ಕಕ್ಕೆ ಹಿಡಿಯುವ ರಿಗ್ರೆಶನ್) ಎರಡನ್ನೂ ಒಂದೇ 40 ಮಕ್ಕಳ ಗುಂಪೆಂದು ಓದುತ್ತದೆ. ಗುಂಪುಗಳೇ 10ಕ್ಕಿಂತ ಕಡಿಮೆ ಇದ್ದರೆ ಈ ವಿಧಾನವೂ ಅಂತರವನ್ನು ಕಿರಿದಾಗಿಸುತ್ತದೆ, ಆಗ ಅಂಕಿಅಂಶ ತಜ್ಞರ ಜತೆ ಕೂರುವುದು ಲೇಸು.

ಕ್ಷೇತ್ರ ಸಮೀಕ್ಷೆಗಷ್ಟೇ ಈ ತೊಂದರೆ ಎಂದುಕೊಳ್ಳಬೇಡಿ. ಕಣ್ಣಿನ ವಿಭಾಗದಲ್ಲಿ 30 ರೋಗಿಗಳ 60 ಕಣ್ಣು, ದಂತ ವಿಭಾಗದಲ್ಲಿ ಒಬ್ಬರದೇ ಆರೇಳು ಹಲ್ಲು, ಡಯಾಲಿಸಿಸ್ ಘಟಕದಲ್ಲಿ ಒಬ್ಬರದೇ ಹತ್ತಾರು ಸೆಷನ್: ಎಲ್ಲದರಲ್ಲೂ ಎತ್ತಬೇಕಾದ ಘಟಕ ರೋಗಿ. ಎಕ್ಸೆಲ್ ಶೀಟಿನ ಸಾಲು ಘಟಕವಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ಡೇಟಾ ಬಳಸುವವರಿಗೆ ಇನ್ನೊಂದು ಹಂತ ಇದೆ. ಅಲ್ಲಿ ಸ್ತರಗಳೊಳಗೆ (ಮೊದಲೇ ವಿಂಗಡಿಸಿಕೊಂಡ ಭಾಗಗಳು) ಹಳ್ಳಿ ಅಥವಾ ನಗರದ ಗಣತಿ ಬ್ಲಾಕುಗಳನ್ನು ಮೊದಲು ಆರಿಸಿ, ಆಮೇಲೆ ಮನೆಗಳನ್ನು ಆರಿಸಿರುತ್ತಾರೆ. ಪ್ರತಿ ಸ್ತರದೊಳಗೆ ಆ ಮೊದಲ ಹಂತದ ಘಟಕಗಳನ್ನೇ ಎತ್ತಬೇಕು. ಒಂದು ಸ್ತರದಲ್ಲಿ ಎರಡೇ ಘಟಕ ಇದ್ದರೆ ಸಾದಾ ಬೂಟ್‌ಸ್ಟ್ರಾಪ್ ಆ ಸ್ತರದ ವೇರಿಯನ್ಸನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ. ಇದಕ್ಕೆ 1988ರಲ್ಲಿ ಅಂಕಿಅಂಶ ತಜ್ಞರಾದ ರಾವ್ ಮತ್ತು ವೂ ಕೊಟ್ಟ ಪರಿಹಾರ ಈಗಲೂ ಬಳಕೆಯಲ್ಲಿದೆ: ಇರುವ ಘಟಕಗಳಿಗಿಂತ ಒಂದು ಕಡಿಮೆ ಎತ್ತಿ, ವೆಯ್ಟ್‌ಗಳನ್ನು ಅದಕ್ಕೆ ತಕ್ಕಂತೆ ಹೊಂದಿಸುವುದು. ಸರ್ವೇ ಪ್ಯಾಕೇಜುಗಳಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ. ಕೈಯಿಂದ ಬರೆಯುವ ಸಾಹಸ ಬೇಡ.

ಮೂರನೆಯ ಕಾರಣ ಸಣ್ಣ ಮಾದರಿ. ಬೂಟ್‌ಸ್ಟ್ರಾಪ್ ಸಣ್ಣ ಮಾದರಿಗೆ ಮದ್ದು ಎಂಬ ನಂಬಿಕೆ ಪ್ರಬಂಧಗಳಲ್ಲಿ ಬೇರೂರಿದೆ. ನಿಜ ಅದಕ್ಕೆ ತಿರುಗುಮುರುಗು. 10 ಜನರ ಸರಾಸರಿಗೆ ಪರ್ಸೆಂಟೈಲ್ ವಿಧಾನದ (ಮರುಪ್ರತಿಗಳ ಎರಡೂ ತುದಿಯಿಂದ ಶೇ. 2.5ರಷ್ಟನ್ನು ಬಿಟ್ಟು ಉಳಿದ ವ್ಯಾಪ್ತಿ) ಶೇ. 95ರ ಅಂತರ, ಮಾಮೂಲಿ ಟಿ ಅಂತರಕ್ಕಿಂತ ಸುಮಾರು ಶೇ. 18 ಕಿರಿದು. ಟಿ ಕೋಷ್ಟಕದ 2.262ರ ಜಾಗದಲ್ಲಿ 1.96 ಬಂದು ಕೂತಿರುತ್ತದೆ, ಜತೆಗೆ 9ರ ಬದಲು 10ರಿಂದ ಭಾಗಿಸಿದ ಕೊರತೆ. ಆಸ್ಪತ್ರೆವಾಸದ ದಿನ, ಚಿಕಿತ್ಸಾ ವೆಚ್ಚದಂಥ ಬಲಕ್ಕೆ ಬಾಲ ಚಾಚಿದ ಡೇಟಾದಲ್ಲಿ ಸ್ಥಿತಿ ಇನ್ನೂ ಕೆಟ್ಟದು. ಅಲ್ಲಿ ಪ್ರತಿ ಮರುಮಾದರಿಗೂ ಅದರದೇ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕುವ ಬೂಟ್‌ಸ್ಟ್ರಾಪ್-ಟಿ ಉತ್ತಮ.

ಮರುಪ್ರತಿಗಳ ರಾಶಿ ಬೇರೆಲ್ಲೋ ಬಿದ್ದಿದೆ

ವಯಸ್ಸು ಮತ್ತು ಬಿ.ಪಿ. ನಡುವಿನ ಸಹಸಂಬಂಧ ಮೂಲದಲ್ಲಿ 0.6, ಆದರೆ ಮರುಪ್ರತಿಗಳೆಲ್ಲ ಸೊನ್ನೆಯ ಸುತ್ತ. ಎಕ್ಸೆಲ್‌ನಲ್ಲಿ ಎರಡು ಕಾಲಂಗಳಿಗೂ ಪ್ರತ್ಯೇಕ ರ‍್ಯಾಂಡ್‌ಬಿಟ್ವೀನ್ (ಲಾಟರಿಯಂತೆ ಸಂಖ್ಯೆ ಎತ್ತುವ ಸೂತ್ರ) ಹಾಕಿದಾಗ ಹೀಗಾಗುತ್ತದೆ: ಒಬ್ಬರ ವಯಸ್ಸು ಇನ್ನೊಬ್ಬರ ಬಿ.ಪಿ.ಗೆ ಅಂಟಿಕೊಳ್ಳುತ್ತದೆ. ಸಾಲಿನ ಸಂಖ್ಯೆಯನ್ನು ಒಂದೇ ಕಾಲಂನಲ್ಲಿ ಎತ್ತಿ, ಎರಡೂ ಬೆಲೆಗಳನ್ನು ಅದೇ ಸಂಖ್ಯೆಯಿಂದ ಇಂಡೆಕ್ಸ್ ಮಾಡಿ. ಎಕ್ಸೆಲ್‌ನದೇ ಇನ್ನೊಂದು ಚಾಳಿ: ಖಾಲಿ ಸೆಲ್ಲನ್ನು ಇಂಡೆಕ್ಸ್ ಮಾಡಿದರೆ 0 ಬರುತ್ತದೆ. ಬಿ.ಪಿ. ದಾಖಲಾಗದ ಮೂವರು ಸೊನ್ನೆ ಬಿ.ಪಿ.ಯವರಾಗಿ ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ.

ಆರ್‌ನಲ್ಲಿ ಇದಕ್ಕೆ ಸಮನಾದ ಬಲೆ ಸ್ಯಾಂಪಲ್ ಫಂಕ್ಷನ್ನಿನದು. ಅದಕ್ಕೆ ಒಂದೇ ಒಂದು ಸಂಖ್ಯೆ, ಉದಾಹರಣೆಗೆ 7, ಕೊಟ್ಟರೆ ಆ 7ನ್ನೇ ವಾಪಸ್ ಕೊಡುವುದಿಲ್ಲ. 1ರಿಂದ 7ರವರೆಗಿನ ಸಂಖ್ಯೆಗಳಿಂದ ಎತ್ತಿಕೊಡುತ್ತದೆ. ಗುಂಪಿನೊಳಗೆ ಎತ್ತುವ ಕೋಡಿನಲ್ಲಿ ಯಾವುದಾದರೂ ಗುಂಪಿನಲ್ಲಿ ಒಬ್ಬರೇ ಇದ್ದರೆ, ಆ ಗುಂಪಿನಲ್ಲೇ ಇಲ್ಲದ ರೋಗಿಗಳು ಒಳನುಗ್ಗುತ್ತಾರೆ. ಬೆಲೆಗಳ ಬದಲು ಅವುಗಳ ಸ್ಥಾನಸಂಖ್ಯೆಗಳನ್ನು ಸ್ಯಾಂಪಲ್ ಡಾಟ್ ಇಂಟ್‌ನಿಂದ ಎತ್ತಿದರೆ ಈ ಗೋಜಲಿಲ್ಲ.

ಹಿಸ್ಟೋಗ್ರಾಂ ಹಲ್ಲುಹಲ್ಲಾಗಿದೆ

ಸಣ್ಣ ಮಾದರಿಯ ಮಧ್ಯಾಂಕಕ್ಕೆ ಇದು ಸಹಜ. ಎನ್ ಬೆಸ ಸಂಖ್ಯೆಯಾದರೆ ಮರುಪ್ರತಿಯ ಮಧ್ಯಾಂಕ ಮೂಲ ಡೇಟಾದ ಯಾವುದೋ ಒಂದು ಬೆಲೆಯೇ ಆಗಿರಬೇಕು. ಹಾಗಾಗಿ ನಾಲ್ಕೈದು ಕಂಬಗಳಷ್ಟೇ ಏಳುತ್ತವೆ. ಕೋಡ್ ತಪ್ಪಿಲ್ಲ. ಇಂಥಲ್ಲಿ ಬಿಸಿಎ (ಬಯಾಸ್ ಮತ್ತು ಓರೆಯನ್ನು ತಿದ್ದುವ ವಿಧಾನ) ಅಂತರ ನಂಬಬೇಡಿ. ಪರ್ಸೆಂಟೈಲ್ ಅಥವಾ ಮಧ್ಯಾಂಕದ ನಿಖರ ಅಂತರ ಕೊಡಿ. ಗರಿಷ್ಠ, ಕನಿಷ್ಠ ಬೆಲೆಗಳಿಗಂತೂ ಬೂಟ್‌ಸ್ಟ್ರಾಪ್ ನಡೆಯುವುದೇ ಇಲ್ಲ: ಸುಮಾರು ಶೇ. 63 ಮರುಪ್ರತಿಗಳಲ್ಲಿ ಗರಿಷ್ಠ ಬೆಲೆ ಮೂಲದ ಗರಿಷ್ಠವೇ.

ಅಂತರ 0ಯಿಂದ 0

40 ಜನರಿಗೆ ಹೊಸ ಔಷಧಿ ಕೊಟ್ಟಿರಿ, ಒಬ್ಬರಿಗೂ ಅಡ್ಡಪರಿಣಾಮ ಇಲ್ಲ. ಸೊನ್ನೆಗಳನ್ನು ಎಷ್ಟು ಸಲ ಎತ್ತಿದರೂ ಸೊನ್ನೆಯೇ. ಬೂಟ್‌ಸ್ಟ್ರಾಪ್ ಬಿಟ್ಟು ನಿಖರ ವಿಧಾನಕ್ಕೆ ಹೋಗಿ: ಕ್ಲಾಪರ್-ಪಿಯರ್ಸನ್ ಪ್ರಕಾರ ಶೇ. 95ರ ಅಂತರದ ಮೇಲಂಚು ಶೇ. 8.8. ಬಾಯಿಲೆಕ್ಕಕ್ಕೆ 3 ಭಾಗಿಸು ಎನ್ ಸಾಕು, 3/40 ಅಂದರೆ ಶೇ. 7.5, ಅದು ಒಂದೇ ಬದಿಯ ಶೇ. 95ರ ಮಿತಿಗೆ ಹತ್ತಿರದ ಅಂದಾಜು, ನಿಖರವಾದದ್ದು ಶೇ. 7.2.

ಸ್ಟ್ಯಾಂಡರ್ಡ್ ಎರರ್ ನೂರು, ಸಾವಿರ

ಲಾಜಿಸ್ಟಿಕ್ ರಿಗ್ರೆಶನ್‌ನಲ್ಲಿ ಮರುಪ್ರತಿಗಳ ಮಧ್ಯಾಂಕ ಸರಿಯಾಗಿದ್ದು ಸರಾಸರಿ ಮಾತ್ರ ಆಕಾಶಕ್ಕೆ ಹೋಗಿದ್ದರೆ, ಕೆಲವು ಮರುಮಾದರಿಗಳಲ್ಲಿ ಎಣಿಕೆ ಕೋಷ್ಟಕದ ಒಂದು ಮನೆ ಖಾಲಿಯಾಗಿ ಕೋಎಫಿಶಿಯೆಂಟ್ (ಆ ಅಂಶದ ಪ್ರಭಾವದ ಅಂಕಿ) ಅನಂತದ ಕಡೆ ಓಡಿದೆ. 60 ಜನರಲ್ಲಿ ಮೂವರಿಗೆ ಮಾತ್ರ ಇರುವ ಲಕ್ಷಣ ಒಂದು ಮರುಮಾದರಿಯಲ್ಲಿ ಪೂರ್ತಿ ಮಾಯವಾಗುವ ಸಾಧ್ಯತೆ ಶೇ. 4.6. ಸಾವಿರದಲ್ಲಿ 46 ಸಲ! ಮಾಯವಾದಾಗ ಇನ್ನೊಂದು ಅನಾಹುತವೂ ಆಗಬಹುದು: ಆ ವರ್ಗದ ಕೋಎಫಿಶಿಯೆಂಟ್ ಬಿಟ್ಟುಹೋಗಿ, ಮುಂದಿನವು ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ, ಮಧುಮೇಹದ ಅಂಕಿ ಧೂಮಪಾನದ ಕಾಲಂಗೆ ಬೀಳುತ್ತದೆ. ಕೋಎಫಿಶಿಯೆಂಟ್‌ಗಳನ್ನು ಸ್ಥಾನದಿಂದಲ್ಲ, ಹೆಸರಿನಿಂದ ಹೆಕ್ಕಿ. ಅಪರೂಪದ ವರ್ಗಗಳನ್ನು ವೈದ್ಯಕೀಯವಾಗಿ ಅರ್ಥ ಇದ್ದರೆ ಕೂಡಿಸಿ, ಇಲ್ಲವೇ ಅಂಕಿ ಅನಂತಕ್ಕೆ ಓಡದಂತೆ ತಡೆಯುವ ಫರ್ತ್ ತಿದ್ದುಪಡಿಯ ರಿಗ್ರೆಶನ್ ಬಳಸಿ. ಕೆಟ್ಟ ಮರುಪ್ರತಿಗಳನ್ನು ಸದ್ದಿಲ್ಲದೆ ಅಳಿಸಿ ಹಾಕುವುದು ಮಾತ್ರ ಬೇಡ.

ವೆಚ್ಚ-ಪರಿಣಾಮ ಅನುಪಾತದಲ್ಲೂ (ಹೆಚ್ಚುವರಿ ವೆಚ್ಚವನ್ನು ಹೆಚ್ಚುವರಿ ಆರೋಗ್ಯ ಲಾಭದಿಂದ ಭಾಗಿಸಿದ್ದು) ಇದೇ ಕಥೆ, ಛೇದ ಸೊನ್ನೆ ದಾಟಿದಾಗ. ಅಲ್ಲಿ ಅನುಪಾತ ಬಿಟ್ಟು ನಿವ್ವಳ ಹಣಕಾಸು ಲಾಭವನ್ನು (ಆರೋಗ್ಯ ಲಾಭವನ್ನು ಹಣದಲ್ಲಿ ಲೆಕ್ಕ ಹಾಕಿ ವೆಚ್ಚ ಕಳೆದದ್ದು) ಬೂಟ್‌ಸ್ಟ್ರಾಪ್ ಮಾಡಿ.

ಬಿಸಿಎ ಎರರ್ ಕೊಡುತ್ತಿದೆ

ಬೂಟ್ ಪ್ಯಾಕೇಜಿನಲ್ಲಿ ‘ಎ’ ಎಂಬ ತಿದ್ದುಪಡಿ ಎನ್‌ಎ (ಬೆಲೆ ಇಲ್ಲ) ಎಂದು ಬಂದರೆ ಮರುಪ್ರತಿಗಳು ರೋಗಿಗಳ ಸಂಖ್ಯೆಗಿಂತ ಕಡಿಮೆ ಇವೆ. 500 ಜನರ ಡೇಟಾಕ್ಕೆ 200 ಸಲ ಸಾಲದು, 5,000 ಮಾಡಿ. ‘ಡಬ್ಲ್ಯೂ’ ಅನಂತ ಎಂದು ಬಂದರೆ ಮರುಪ್ರತಿಗಳೆಲ್ಲ ಮೂಲ ಅಂದಾಜಿನ ಒಂದೇ ಬದಿಗಿವೆ. ಸಂಖ್ಯೆ ಏರಿಸಿ ಪ್ರಯೋಜನ ಇಲ್ಲ. ಮೇಲೆ ಹೇಳಿದ ಬಯಾಸ್ ಪರೀಕ್ಷೆಗೆ ಹಿಂದಿರುಗಿ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರಿನಲ್ಲಿ ತಾನಾಗಿ 1,000 ಸಲ ಮತ್ತು ಪರ್ಸೆಂಟೈಲ್ ವಿಧಾನ ಇರುತ್ತದೆ. ಬಿಸಿಎ ಬೇಕಿದ್ದರೆ ನೀವೇ ಆರಿಸಬೇಕು, ಸಲಗಳನ್ನೂ ಏರಿಸಬೇಕು.

ಪರ್ಮ್ಯುಟೇಶನ್ ಪಿ ಮೌಲ್ಯದ ತಕರಾರುಗಳು

ಪಿ ಸೊನ್ನೆ ಬಂದಿದ್ದರೆ ಸೂತ್ರ ತಪ್ಪು. ಮೂಲ ಜೋಡಣೆಯೂ ಒಂದು ಜೋಡಣೆಯೇ. ಮೂಲದ ವ್ಯತ್ಯಾಸವನ್ನು ಮುಟ್ಟಿದ ಇಲ್ಲವೇ ಮೀರಿದ ಕಲಸುಗಳ ಸಂಖ್ಯೆಗೂ ಒಟ್ಟು ಸಂಖ್ಯೆಗೂ ಒಂದೊಂದು ಕೂಡಿಸಿ ಭಾಗಿಸಿ. 9,999 ಕಲಸುಗಳಲ್ಲಿ ಒಂದೂ ಮೀರದಿದ್ದರೆ ಪಿ 0.0001.

ಪಿ 0.05ರ ಕೆಳಗೆ ಇಳಿಯುವುದೇ ಇಲ್ಲವೇ? ಜೋಡಣೆಗಳನ್ನು ಎಣಿಸಿ. ಮೂವರು ಎದುರು ಮೂವರು ಎಂದರೆ ಒಟ್ಟು 20 ಜೋಡಣೆ, ಎರಡು ಬದಿಯ ಕನಿಷ್ಠ ಪಿ 0.1. ನಾಲ್ವರು ಎದುರು ನಾಲ್ವರಾದರೆ 70ರಲ್ಲಿ 2, ಅಂದರೆ 0.029. ಚಿಕಿತ್ಸೆಯ ಮೊದಲು-ನಂತರದ ಜೋಡಿ ಐದು ಇದ್ದರೆ 32 ಚಿಹ್ನೆಜೋಡಣೆ, ಕನಿಷ್ಠ 0.0625. ಇಲಿಗಳ ಮೇಲಿನ ಪ್ರಯೋಗ ಯೋಜಿಸುವವರು ಈ ಲೆಕ್ಕವನ್ನು ಪ್ರಾಣಿಗಳನ್ನು ತರಿಸುವ ಮೊದಲೇ ಹಾಕಬೇಕು.

ಪ್ರತಿಸಲ ಬೇರೆ ಪಿ ಬರುತ್ತಿದ್ದರೆ ಅದು ಲಾಟರಿಯ ಏರಿಳಿತ. ನಿಜವಾದ ಪಿ 0.05 ಇದ್ದು 999 ಕಲಸು ಮಾಡಿದರೆ ಸ್ಟ್ಯಾಂಡರ್ಡ್ ಎರರ್ 0.007, 0.036ರಿಂದ 0.064ರವರೆಗೆ ಏನು ಬೇಕಾದರೂ ಬರಬಹುದು. 9,999 ಮಾಡಿದರೆ 0.002ಕ್ಕೆ ಇಳಿಯುತ್ತದೆ. ಸೀಡ್ ಅನ್ನು (ಕಂಪ್ಯೂಟರಿನ ಲಾಟರಿ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಸಂಖ್ಯೆ) ವಿಶ್ಲೇಷಣೆಗೆ ಮೊದಲೇ ನಿಗದಿಮಾಡಿ ಬರೆದಿಡಿ. ಅನುಕೂಲದ ಉತ್ತರ ಬರುವವರೆಗೆ ಸೀಡ್ ಬದಲಿಸುವುದು ವಂಚನೆ, ಬೇರೆ ಮೆತ್ತನೆಯ ಹೆಸರು ಬೇಡ.

ಕಲಸುವಾಗ ರ‍್ಯಾಂಡಮೈಸೇಶನ್ ಹೇಗೆ ನಡೆಯಿತೋ ಹಾಗೇ ಕಲಸಬೇಕು. ಬ್ಲಾಕ್‌ಗಳಲ್ಲಿ ಹಂಚಿದ್ದರೆ ಬ್ಲಾಕಿನೊಳಗೆ ಮಾತ್ರ, ಊರುಗಳನ್ನು ಹಂಚಿದ್ದರೆ ಊರುಗಳನ್ನು, ಜೋಡಿ ಡೇಟಾದಲ್ಲಿ ವ್ಯತ್ಯಾಸಗಳ ಚಿಹ್ನೆಯನ್ನು. ಎರಡು ಗುಂಪುಗಳ ಹರಡುವಿಕೆ ಬೇರೆ ಇದ್ದು, ಸಣ್ಣ ಗುಂಪಿನದೇ ಹೆಚ್ಚಿದ್ದರೆ, ಬರೀ ಸರಾಸರಿಗಳ ವ್ಯತ್ಯಾಸ ಕಲಸುವ ಪರೀಕ್ಷೆ ಶೇ. 5ಕ್ಕಿಂತ ಹೆಚ್ಚು ಸುಳ್ಳು ಗೆಲುವು ಕೊಡುತ್ತದೆ. ವ್ಯತ್ಯಾಸದ ಬದಲು, ಎರಡು ಗುಂಪುಗಳ ಹರಡುವಿಕೆಯನ್ನು ಬೇರೆಬೇರೆಯಾಗಿ ಹಿಡಿಯುವ ವೆಲ್ಚ್ ಟಿ ಬೆಲೆಯನ್ನು ಕಲಸಿನ ಮಾಪನವಾಗಿಸಿ. ಬೂಟ್‌ಸ್ಟ್ರಾಪ್‌ನಿಂದ ಪಿ ಬೇಕೆಂದರೆ ಮೊದಲು ಎರಡೂ ಗುಂಪುಗಳನ್ನು ಒಂದೇ ಸರಾಸರಿಗೆ ಸರಿಸಿ, ಆಮೇಲೆ ಎತ್ತಿ. ಸರಿಸದೆ ಎತ್ತಿದರೆ ನಲ್ ಊಹೆಯನ್ನು (ವ್ಯತ್ಯಾಸವೇ ಇಲ್ಲ ಎಂಬುದನ್ನು) ಪರೀಕ್ಷಿಸಿದಂತಾಗುವುದೇ ಇಲ್ಲ.

ಎಯುಸಿ ಅನುಮಾನ ಬರುವಷ್ಟು ಚೆನ್ನಾಗಿದೆ

ರೋಗ ಮುನ್ಸೂಚನೆಯ ಮಾಡೆಲ್‌ಗಳಲ್ಲಿ ಇದೇ ದೊಡ್ಡ ದೋಷ. 60 ರೋಗಿಗಳು, 200 ಲ್ಯಾಬ್ ಅಂಕಿಗಳು. ಪೂರ್ತಿ ಡೇಟಾದಲ್ಲಿ ಪಿ ನೋಡಿ ಎಂಟು ಅಂಕಿಗಳನ್ನು ಆರಿಸಿ, ಆ ಎಂಟಕ್ಕೆ ಮಾತ್ರ ಹತ್ತು ಮಡಿಕೆಯ ಕ್ರಾಸ್ ವ್ಯಾಲಿಡೇಶನ್ (ಡೇಟಾವನ್ನು ಹತ್ತು ಭಾಗ ಮಾಡಿ, ಸರದಿಯಂತೆ ಒಂಬತ್ತರಲ್ಲಿ ಕಲಿಸಿ ಉಳಿದೊಂದರಲ್ಲಿ ಪರೀಕ್ಷಿಸುವುದು) ಮಾಡಿದರೆ, ಪರೀಕ್ಷೆಗೆ ಕೂರುವ ರೋಗಿಗಳ ಉತ್ತರ ಆಯ್ಕೆಯ ಹಂತದಲ್ಲೇ ಸೋರಿಹೋಗಿರುತ್ತದೆ.

ಸೋರಿಕೆ ಪತ್ತೆಗೆ ಖಚಿತ ಉಪಾಯ ಇದೆ. ರೋಗ ಇದೆ/ಇಲ್ಲ ಎಂಬ ಕಾಲಂ ಒಂದನ್ನೇ ಕಲಸಿ, ಉಳಿದದ್ದನ್ನು ಮುಟ್ಟದೆ ಇಡೀ ಪ್ರಕ್ರಿಯೆಯನ್ನು ಮೊದಲಿನಿಂದ ಓಡಿಸಿ. ಇಪ್ಪತ್ತು ಮೂವತ್ತು ಸಲ ಮಾಡಿ. ಈಗ ಡೇಟಾದಲ್ಲಿ ನಿಜವಾದ ಸಂಬಂಧವೇ ಇಲ್ಲ. ಎಯುಸಿಗಳ ಸರಾಸರಿ 0.5ರ ಆಸುಪಾಸಿನಲ್ಲಿರಬೇಕು. 0.75 ಬಂದರೆ ಸೋರಿಕೆ ಸಾಬೀತಾಯಿತು.

ಎಲ್ಲಿಂದ ಸೋರುತ್ತದೆ? ಅಂಕಿಗಳ ಆಯ್ಕೆ, ಕಟ್‌ಆಫ್ ಹುಡುಕಾಟ, ಬಿಟ್ಟುಹೋದ ಬೆಲೆಗಳ ತುಂಬುವಿಕೆ, ಸ್ಮೋಟ್‌ನಂಥ ಕೃತಕ ಪ್ರತಿಗಳ ಸೃಷ್ಟಿ ಎಲ್ಲವೂ ಮಡಿಕೆ ಮಾಡುವ ಮೊದಲೇ ನಡೆದಿದೆಯೇ ನೋಡಿ. ಬೂಟ್‌ಸ್ಟ್ರಾಪ್ ಮಾದರಿಯೊಳಗೆ ಕ್ರಾಸ್ ವ್ಯಾಲಿಡೇಶನ್ ಮಾಡಿದರೆ ಒಬ್ಬನೇ ರೋಗಿಯ ಎರಡು ಪ್ರತಿಗಳಲ್ಲಿ ಒಂದು ಕಲಿಕೆಗೂ ಇನ್ನೊಂದು ಪರೀಕ್ಷೆಗೂ ಹೋಗುತ್ತದೆ. ಇದು ಕಣ್ಣಿಗೆ ಬೀಳುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ಮೂಲ ಡೇಟಾದಲ್ಲಿ ಆಯ್ಕೆ ಸೇರಿ ಎಲ್ಲ ಹಂತ ನಡೆಸಿ ಎಯುಸಿ ಬರೆದುಕೊಳ್ಳಿ, 0.86 ಎನ್ನೋಣ. ಒಂದು ಬೂಟ್‌ಸ್ಟ್ರಾಪ್ ಮಾದರಿ ಎತ್ತಿ ಅದರಲ್ಲೂ ಎಲ್ಲ ಹಂತಗಳನ್ನು ಹೊಸದಾಗಿ ನಡೆಸಿ. ಬಂದ ಮಾಡೆಲ್ಲನ್ನು ಅದೇ ಮಾದರಿಯ ಮೇಲೂ ಮೂಲ ಡೇಟಾದ ಮೇಲೂ ಅಳೆಯಿರಿ, ವ್ಯತ್ಯಾಸವೇ ಅತಿಆಶಾವಾದ. ಕನಿಷ್ಠ 200 ಸಲ ಮಾಡಿ ಸರಾಸರಿ ತೆಗೆಯಿರಿ. ಅದು 0.09 ಆದರೆ ವರದಿ ಮಾಡಬೇಕಾದದ್ದು 0.77. ಪ್ರತಿಸಲ ಆಯ್ಕೆಯಾದ ಅಂಕಿಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ: ನಿಮ್ಮ ಎಂಟರಲ್ಲಿ ಒಂದು 200ರಲ್ಲಿ 30 ಸಲ ಮಾತ್ರ ಬಂದಿದ್ದರೆ ಅದರ ಬಗ್ಗೆ ಚರ್ಚಾ ಭಾಗದಲ್ಲಿ ಎರಡು ಪುಟ ಬರೆಯುವ ಮೊದಲು ಯೋಚಿಸಿ.

ವಿಧಾನ ಭಾಗದಲ್ಲಿ ಬರೆಯಬೇಕಾದದ್ದು

“ಬೂಟ್‌ಸ್ಟ್ರಾಪ್ ಬಳಸಲಾಗಿದೆ” ಎಂಬ ಒಂದೇ ವಾಕ್ಯದಿಂದ ಯಾರೂ ಲೆಕ್ಕವನ್ನು ಮರಳಿ ಮಾಡಲಾರರು. ಎತ್ತಿದ ಘಟಕ ಯಾವುದು, ಎಷ್ಟು ಸಲ, ಸ್ತರಗಳಿದ್ದವೇ, ಅಂತರದ ವಿಧಾನ ಪರ್ಸೆಂಟೈಲೋ ಬಿಸಿಎಯೋ, ಸೀಡ್ ಎಷ್ಟು, ಸಾಫ್ಟ್‌ವೇರಿನ ಆವೃತ್ತಿ ಯಾವುದು, ಲೆಕ್ಕ ಸಿಗದೆ ಬಿಟ್ಟ ಮರುಪ್ರತಿಗಳು ಎಷ್ಟು ಮತ್ತು ಏಕೆ ಎಂಬುದನ್ನು ಬರೆಯಿರಿ. ಉದಾಹರಣೆಗೆ: “20 ಅಂಗನವಾಡಿಗಳನ್ನು ಘಟಕವಾಗಿಟ್ಟು 5,000 ಸಲ ಮರುಮಾದರಿ ಎತ್ತಿ, ಶೇ. 95ರ ಪರ್ಸೆಂಟೈಲ್ ಅಂತರ ಕೊಡಲಾಗಿದೆ, ಸೀಡ್ 2024, ಯಾವ ಮರುಪ್ರತಿಯನ್ನೂ ಕೈಬಿಟ್ಟಿಲ್ಲ.” ಎಕ್ಸೆಲ್‌ನಲ್ಲಿ ಮಾಡಿದವರು ಮಾತ್ರ ಸೀಡ್ ಬರೆಯಲಾರರು, ಅಲ್ಲಿ ಎಫ್9 ಒತ್ತಿದಾಗಲೆಲ್ಲ ಅಂಕಿ ಬದಲಾಗುತ್ತದೆ, ಮರುಪ್ರತಿಗಳನ್ನು ಬೆಲೆಗಳಾಗಿ ಪೇಸ್ಟ್ ಮಾಡಿದ ಶೀಟನ್ನು ಪ್ರಬಂಧದ ಕಡತದ ಜತೆ ಇಟ್ಟುಕೊಳ್ಳಬೇಕು.